ಸೊಕ್ಕು ಇಳಿಯದೆ ಪಕ್ಷ ಬದಲಿಸಿದ ಯಂತ್ರಜ್ಞ

ಪ್ರಶ್ನೆ: ನಾವು ನಾಲ್ವರು ಗೆಳೆಯರು ಸೇರಿ ಕನ್ನಡದಲ್ಲಿಯೇ ಒಂದು ಫ್ಯಾಂಟಸಿ ವಿಡಿಯೋ ಗೇಮ್ ಕಟ್ಟುತ್ತಿದ್ದೇವೆ. ನಾಯಕಿ ಯಂತ್ರಗಳನ್ನು ತಯಾರಿಸುವವಳು. ಅವಳ ಜೊತೆಯಲ್ಲೇ ಓದಿ ಈಗ ಶತ್ರುರಾಜನ ಆಸ್ಥಾನದಲ್ಲಿರುವ ಜಂಬದ ಯಂತ್ರಜ್ಞನೊಬ್ಬ ಅವಳ ಪ್ರತಿಸ್ಪರ್ಧಿ. ಐದನೆಯ ಅಧ್ಯಾಯದಲ್ಲಿ ಅವನು ಕ್ಷಮೆ ಕೇಳಿ ಅವಳ ಪಕ್ಷಕ್ಕೆ ಬರುತ್ತಾನೆ. ಆಡಿ ನೋಡಿದವರೆಲ್ಲ ಈ ಬದಲಾವಣೆಯನ್ನು ನಂಬಲಾಗುವುದಿಲ್ಲ ಎನ್ನುತ್ತಿದ್ದಾರೆ. ಕ್ಷಮೆಯ ದೃಶ್ಯವನ್ನು ತೆಗೆದರೆ ಅವನು ಖಳನಾಗಿಯೇ ಉಳಿಯುತ್ತಾನೆ, ಇಟ್ಟರೆ ಸಪ್ಪೆಯಾಗುತ್ತಾನೆ. ‘ಫೈನಲ್ ಫ್ಯಾಂಟಸಿ 14’ರ ನೀರೋ ಪಾತ್ರವನ್ನು ಗಮನಿಸಿ ಎಂದು ಒಬ್ಬರು ಸಲಹೆ ಕೊಟ್ಟರು. ಅಲ್ಲಿ ಇದನ್ನು ಹೇಗೆ ಸಾಧಿಸಿದ್ದಾರೆ?

ಉತ್ತರ: ನಿಮಗೆ ಸಿಕ್ಕ ಸಲಹೆ ಸರಿಯಾಗಿದೆ. ಸೊಕ್ಕಿನ ಪ್ರತಿಸ್ಪರ್ಧಿಯೊಬ್ಬ ಮನಸ್ಸಿಲ್ಲದ ಮನಸ್ಸಿನಿಂದ ಜೊತೆಗಾರನಾಗುವ ಕಥೆಯನ್ನು ಆಟವೊಂದರಲ್ಲಿ ಹೇಗೆ ನಡೆಸಬೇಕು ಎಂದು ನನ್ನನ್ನು ಕೇಳಿದವರಿಗೆಲ್ಲ ನಾನು ಮೊದಲು ತೋರಿಸುವುದು ನೀರೋ ತೋಲ್ ಸ್ಕೀವಾನನ್ನೇ. ಆ ಪಾತ್ರದಲ್ಲಿ ದೋಷಗಳಿವೆ, ಅವನ್ನು ಮುಂದೆ ಹೇಳುತ್ತೇನೆ. ಆದರೆ ನಿಮ್ಮನ್ನು ಕಾಡುತ್ತಿರುವ ತೊಡಕನ್ನು ಅದರ ಬರಹಗಾರರು ಬಿಡಿಸಿದ ರೀತಿ ಬಹಳ ಸರಳ: ನೀರೋ ಶತ್ರುವಾಗಲು ಯಾವ ಗುಣ ಕಾರಣವೋ ಜೊತೆಗಾರನಾಗಲೂ ಅದೇ ಗುಣ ಕಾರಣ. ಅವನ ಸ್ವಭಾವವನ್ನು ಅವರು ಬದಲಿಸಲು ಹೋಗಲಿಲ್ಲ, ಅವನ ಎದುರಿಗಿದ್ದ ವಸ್ತುವನ್ನು ಬದಲಿಸಿದರು.

ಈ ಆಟವನ್ನು ಆಡದ ಓದುಗರಿಗಾಗಿ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಸ್ಕ್ವೇರ್ ಎನಿಕ್ಸ್ ಸಂಸ್ಥೆಯ ಈ ಆನ್‌ಲೈನ್ ಆಟ 2010ರ ಸೆಪ್ಟೆಂಬರ್‌ನಲ್ಲಿ ಮೊದಲು ಬಿಡುಗಡೆಯಾಗಿ ಸೋತಿತು. 2012ರ ನವೆಂಬರ್‌ನಲ್ಲಿ ಅದನ್ನು ನಿಲ್ಲಿಸಿ, ಹೊಸದಾಗಿ ಕಟ್ಟಿ, 2013ರ ಆಗಸ್ಟ್‌ನಲ್ಲಿ ಮತ್ತೆ ತೆರೆಯಲಾಯಿತು. ಕಥೆ ನಡೆಯುವ ಇಯೋರ್ಜಿಯಾ ಎಂಬ ನಾಡಿನಲ್ಲಿ ಮಂತ್ರವಿದ್ಯೆ ದಿನಬಳಕೆಯ ಸಂಗತಿ. ಅದರ ಮೇಲೆ ದಂಡೆತ್ತಿ ಬಂದಿರುವ ಗಾರ್ಲಮಾಲ್ಡ್ ಸಾಮ್ರಾಜ್ಯದ ಮೂಲ ಜನರಿಗಾದರೋ ಮಂತ್ರವನ್ನು ಪ್ರಯೋಗಿಸುವ ಶಕ್ತಿ ಹುಟ್ಟಿನಿಂದಲೇ ಇಲ್ಲ. ಆ ಕೊರತೆಯನ್ನು ಅವರು ಮ್ಯಾಜಿಟೆಕ್ ಎಂಬ ಯಂತ್ರವಿದ್ಯೆಯಿಂದ ತುಂಬಿಕೊಂಡು ಬಹುಪಾಲು ಲೋಕವನ್ನೇ ಗೆದ್ದಿದ್ದಾರೆ. ಈ ಒಂದು ಸಂಗತಿಯನ್ನು ಗಮನದಲ್ಲಿಟ್ಟುಕೊಳ್ಳಿ, ಏಕೆಂದರೆ ಇಂಥ ನಾಡಿನಲ್ಲಿ ಯಂತ್ರಜ್ಞನೆಂದರೆ ಬರಿಯ ಕುಶಲಕರ್ಮಿಯಲ್ಲ. ಇಡೀ ಜನಾಂಗದ ಹೆಮ್ಮೆಯೇ ಅವನ ಕೈಯಲ್ಲಿದೆ. ಅಲ್ಲಿ ಒಬ್ಬ ಹುಡುಗ ತರಗತಿಯಲ್ಲಿ ಎರಡನೆಯವನಾಗಿ ಉಳಿದರೆ ಅದು ಸಣ್ಣ ಸೋಲಲ್ಲ.

ನೀರೋ ಹಾಗೆ ಉಳಿದವನು. ಮೊದಲನೆಯವನು ಅವನ ಸಹಪಾಠಿ ಸಿಡ್ ನಾನ್ ಗಾರ್ಲಂಡ್. ಸಿಡ್‌ನ ತಂದೆ ಮಿಡಾಸ್ ಸಾಮ್ರಾಜ್ಯದ ಹೆಸರಾಂತ ಯಂತ್ರಜ್ಞ. ಮಗನೋ ಸಾಮ್ರಾಜ್ಯದ ಯುದ್ಧದಾಹವನ್ನು ಸಹಿಸಲಾರದೆ ಎಲ್ಲವನ್ನೂ ಬಿಟ್ಟು ಇಯೋರ್ಜಿಯಾಕ್ಕೆ ಓಡಿಬಂದು, ಅಲ್ಲಿನ ನಗರಗಳಿಗೆ ವಾಯುನೌಕೆಗಳನ್ನು ಕಟ್ಟಿಕೊಟ್ಟು, ಗಾರ್ಲಂಡ್ ಐರನ್‌ವರ್ಕ್ಸ್ ಎಂಬ ಕಾರ್ಖಾನೆಯನ್ನು ತೆರೆದವನು. ನೀರೋನ ಸಂಕಟವನ್ನು ಇಲ್ಲಿ ನೋಡಬೇಕು. ಯಾವ ಓಟದಲ್ಲಿ ತಾನು ಸದಾ ಹಿಂದೆ ಬೀಳುತ್ತಿದ್ದನೋ ಆ ಓಟವನ್ನು ಗೆದ್ದವನು ನಡುವೆಯೇ ಬಿಟ್ಟು ಹೊರಟುಹೋದ. ಅವನು ಹೋದಮೇಲೆ ನೀರೋನಿಗೆ ಸಿಕ್ಕ ಸ್ಥಾನವೆಲ್ಲ ಖಾಲಿ ಬಿದ್ದ ಕುರ್ಚಿಯಲ್ಲಿ ಕೂತ ಹಾಗೆ. ಗೆದ್ದನೆಂದು ಹೇಳಿಕೊಳ್ಳುವುದಕ್ಕೂ ಇಲ್ಲ, ಸೋತನೆಂದು ಒಪ್ಪಿಕೊಳ್ಳುವುದಕ್ಕೂ ಇಲ್ಲ.

ಸಿಡ್ ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. 1988ರ ಎರಡನೆಯ ಫೈನಲ್ ಫ್ಯಾಂಟಸಿಯಿಂದ ಮೊದಲ್ಗೊಂಡು ಈ ಸರಣಿಯ ಪ್ರತಿ ಮುಖ್ಯ ಆಟದಲ್ಲಿಯೂ ಸಿಡ್ ಎಂಬ ಒಬ್ಬ ವ್ಯಕ್ತಿ ಇದ್ದೇ ಇರುತ್ತಾನೆ, ಮತ್ತು ಹೆಚ್ಚಿನ ಸಲ ಅವನಿಗೂ ವಾಯುನೌಕೆಗೂ ನಂಟಿರುತ್ತದೆ. ಆದ್ದರಿಂದ ಸರಣಿಯ ಹಳೆಯ ಆಟಗಾರರಿಗೆ ಆ ಹೆಸರು ಕಿವಿಗೆ ಬಿದ್ದೊಡನೆ ಅರ್ಧ ನಂಬಿಕೆ ಹುಟ್ಟಿರುತ್ತದೆ. ಇಂಥ ಸಿಡ್‌ನ ಪ್ರತಿಸ್ಪರ್ಧಿಯಾಗಿ ಹುಟ್ಟಿದವನು ಕಥೆ ಶುರುವಾಗುವ ಮೊದಲೇ ಸೋತಿರುತ್ತಾನೆ. ಅವನು ಎಷ್ಟೇ ಜಾಣನಾದರೂ ಆಟಗಾರನ ಮನಸ್ಸು ಅವನ ಕಡೆ ವಾಲುವುದಿಲ್ಲ. ಪಾತ್ರದೊಳಗಿನ ಹೊಟ್ಟೆಕಿಚ್ಚಿಗೆ ಪಾತ್ರದ ಹೊರಗಿನ ಈ ಅನ್ಯಾಯ ಚೆನ್ನಾಗಿ ಹೊಂದಿಕೊಂಡಿದೆ. ನಿಮ್ಮ ಆಟಕ್ಕೆ ಇಂಥ ಪರಂಪರೆ ಇಲ್ಲವಾದ್ದರಿಂದ ಆ ಅನ್ಯಾಯವನ್ನು ನೀವು ಕಥೆಯ ಒಳಗೇ ಕಟ್ಟಬೇಕಾಗುತ್ತದೆ.

ನೀರೋನ ಹೆಸರಿನ ನಡುವಿನ ‘ತೋಲ್’ ಎಂಬುದು ಸಾಮ್ರಾಜ್ಯದ ದರ್ಜೆಯನ್ನು ಸೂಚಿಸುವ ಪದ. ಹದಿನಾಲ್ಕನೆಯ ಸೇನಾದಳದ ಮುಖ್ಯಸ್ಥ ಗಾಯಸ್ ‘ವಾನ್’ ಬೇಲ್ಸಾರ್. ಅವನ ಕೆಳಗೆ ನೀರೋ ‘ತೋಲ್’ ಸ್ಕೀವಾ. ಅದರ ಕೆಳಗಿನ ದರ್ಜೆಯಲ್ಲಿ ಲಿವಿಯಾ ‘ಸಾಸ್’ ಜೂನಿಯಸ್ ಮತ್ತು ರಿಟಾಟಿನ್ ‘ಸಾಸ್’ ಅರ್ವಿನಾ. ನೀರೋನ ಹುದ್ದೆಗೆ ಆಟದಲ್ಲಿ ಕೊಟ್ಟಿರುವ ಹೆಸರು ಟ್ರಿಬ್ಯೂನಸ್ ಲಾಟಿಕ್ಲಾವಿಯಸ್. ಇದು ನಿಜವಾದ ರೋಮನ್ ಸೈನ್ಯದಿಂದ ತೆಗೆದುಕೊಂಡದ್ದು. ಅಲ್ಲಿ ಈ ಹುದ್ದೆಯಲ್ಲಿರುತ್ತಿದ್ದವನು ಸೆನೆಟರ್ ಮನೆತನದ ತರುಣ. ದಳಪತಿಯ ನಂತರ ಕಾಗದದ ಮೇಲೆ ಎರಡನೆಯ ಸ್ಥಾನ ಅವನದೇ, ಆದರೆ ಅನುಭವದಲ್ಲಿ ಅವನಿಗಿಂತ ಕೆಳಗಿನ ಹಳೆಯ ಅಧಿಕಾರಿಗಳೇ ಮೇಲು. ಶಾಲೆಯಲ್ಲಿ ಎರಡನೆಯವನಾಗಿದ್ದವನಿಗೆ ಸೇನೆಯಲ್ಲಿಯೂ ಹೆಸರಿಗೆ ಮಾತ್ರ ದೊಡ್ಡದಾದ ಎರಡನೆಯ ಸ್ಥಾನವನ್ನೇ ಕೊಟ್ಟದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಈಗ ವೈರದ ಘಟ್ಟಕ್ಕೆ ಬರೋಣ. ಗಾಯಸ್ ನೆಲದಡಿಯಿಂದ ಅಗೆದು ತೆಗೆಸಿದ, ಅಲಾಗ್ ಎಂಬ ಪುರಾತನ ನಾಗರಿಕತೆಯ ಮಹಾಯಂತ್ರ ಅಲ್ಟಿಮಾ ವೆಪನ್ ಅನ್ನು ಮತ್ತೆ ನಡೆಯುವಂತೆ ಮಾಡಿದವನು ನೀರೋ. ಜನರು ಪೂಜಿಸಿ ಬರಮಾಡಿಕೊಳ್ಳುವ ಉಗ್ರದೇವತೆಗಳನ್ನು ನುಂಗಿ ಅವುಗಳ ಬಲವನ್ನು ತನ್ನದಾಗಿಸಿಕೊಳ್ಳುವ ಯಂತ್ರ ಅದು. 2013ರ ಮೂಲ ಕಥೆಯ ಕೊನೆಯಲ್ಲಿ ಪ್ರಿಟೋರಿಯಂ ಎಂಬ ಕೋಟೆಯೊಳಗೆ ಆಟಗಾರರು ಗಾಯಸ್‌ನನ್ನು ಮುಟ್ಟುವ ಮೊದಲು ನೀರೋನನ್ನು ಎದುರಿಸಬೇಕು. ತಾನೇ ಮಾಡಿಕೊಂಡ ದೊಡ್ಡ ಸುತ್ತಿಗೆಯಂಥ ಆಯುಧವನ್ನು ಹಿಡಿದು ಅವನು ಬರುತ್ತಾನೆ, ಬರುವಾಗ ಸುದೀರ್ಘ ಭಾಷಣವನ್ನೂ ಹೊತ್ತು ತರುತ್ತಾನೆ. ಕೆಲವು ವರ್ಷಗಳ ಕಾಲ ಈ ಭಾಗದ ಕಟ್‌ಸೀನ್‌ಗಳನ್ನು, ಅಂದರೆ ಆಟ ನಿಂತು ಕಥೆಯನ್ನು ತೋರಿಸುವ ದೃಶ್ಯಗಳನ್ನು, ದಾಟಿ ಮುಂದೆ ಹೋಗುವ ಅವಕಾಶವೇ ಇರಲಿಲ್ಲ. ದಿನವೂ ಬಹುಮಾನದ ಆಸೆಗೆ ಅದೇ ಕೋಟೆಗೆ ನುಗ್ಗುತ್ತಿದ್ದ ಆಟಗಾರರಿಗೆ ನೀರೋನ ಜಂಬದ ಮಾತು ಮಗ್ಗಿಯಂತೆ ಬಾಯಿಪಾಠವಾಗಿತ್ತು. ಪಾತ್ರವೊಂದನ್ನು ಮರೆಯಲಾಗದಂತೆ ಮಾಡಲು ಇದು ಯೋಗ್ಯವಾದ ದಾರಿಯಲ್ಲ, ಆದರೂ ಪರಿಣಾಮ ಮಾತ್ರ ಹಾಗೇ ಆಯಿತು. 2022ರ ಏಪ್ರಿಲ್‌ನಲ್ಲಿ ಬಂದ 6.1 ಪ್ಯಾಚ್‌ನಲ್ಲಿ, ಅಂದರೆ ಆಟದ ಪರಿಷ್ಕರಣೆಯಲ್ಲಿ, ಈ ಕೋಟೆಯನ್ನು ನಾಲ್ವರು ಆಡುವಂತೆ ಹೊಸದಾಗಿ ಹೊಂದಿಸಿದರು.

ಆ ಕಾಳಗದಲ್ಲಿ ನಿಮ್ಮ ಉಪಯೋಗಕ್ಕೆ ಬರುವ ಎರಡು ಸಂಗತಿಗಳಿವೆ. ಮೊದಲನೆಯದು, ನೀರೋನ ಕೋಪವೆಲ್ಲ ಆಟಗಾರನ ಮೇಲಲ್ಲ, ಅಲ್ಲಿ ಎದುರಿಗೇ ಇಲ್ಲದ ಸಿಡ್‌ನ ಮೇಲೆ. ಆಟಗಾರನ ಬಗ್ಗೆ ಅವನಿಗಿರುವುದು ಅಪರೂಪದ ಯಂತ್ರವೊಂದನ್ನು ಕಂಡ ಯಂತ್ರಜ್ಞನ ಕುತೂಹಲ. ದ್ವೇಷ ಇನ್ನೊಬ್ಬನ ಕಡೆಗೆ, ಕುತೂಹಲ ನಮ್ಮ ಕಡೆಗೆ ಇದ್ದಾಗ ಮುಂದೆ ನಾವು ಅವನ ಜೊತೆ ನಡೆಯುವುದು ಅಷ್ಟೇನೂ ಕಷ್ಟವಾಗುವುದಿಲ್ಲ. ಎರಡನೆಯದು, ಲಿವಿಯಾ ಮತ್ತು ರಿಟಾಟಿನ್ ಇಬ್ಬರೂ ತಮ್ಮ ದಳಪತಿಯ ಮೇಲಿನ ನಿಷ್ಠೆಗಾಗಿ ಸಾಯುತ್ತಾರೆ. ನೀರೋ ಸೋತಮೇಲೆ ಸಾಯುವುದಿಲ್ಲ, ಜಾರಿಕೊಳ್ಳುತ್ತಾನೆ. ಹೇಡಿತನವೆಂದು ಮೇಲ್ನೋಟಕ್ಕೆ ಕಾಣುವ ಈ ಪಲಾಯನದಲ್ಲಿ ಅವನ ಪೂರ್ತಿ ಸ್ವಭಾವವಿದೆ. ಅವನು ಸಾಮ್ರಾಜ್ಯದ ಪರವಾಗಿ ಎಂದೂ ಇರಲಿಲ್ಲ. ಸಾಮ್ರಾಜ್ಯ ಅವನಿಗೆ ಅಗೆಯಲು ನೆಲವನ್ನೂ ಬಿಚ್ಚಿ ನೋಡಲು ಯಂತ್ರವನ್ನೂ ಕೊಟ್ಟಿತ್ತು, ಅಷ್ಟೆ. ಪಕ್ಷವೇ ಇಲ್ಲದವನಿಗೆ ಪಕ್ಷಾಂತರದ ಪ್ರಾಯಶ್ಚಿತ್ತ ಬೇಕಾಗುವುದಿಲ್ಲ. ನಿಮ್ಮ ಯಂತ್ರಜ್ಞ ಐದನೆಯ ಅಧ್ಯಾಯದಲ್ಲಿ ನಂಬಲಾಗದವನಾಗಿದ್ದರೆ ತಪ್ಪನ್ನು ಐದನೆಯ ಅಧ್ಯಾಯದಲ್ಲಿ ಹುಡುಕಬೇಡಿ. ಮೊದಲ ಎರಡು ಅಧ್ಯಾಯಗಳಲ್ಲಿ ಅವನನ್ನು ಶತ್ರುರಾಜನ ಭಕ್ತನನ್ನಾಗಿ ಚಿತ್ರಿಸಿದ್ದೀರಾ ಎಂದು ನೋಡಿ.

ಜೊತೆಗಾರಿಕೆ ಶುರುವಾಗುವುದು ಕ್ರಿಸ್ಟಲ್ ಟವರ್ ಕಥೆಯಲ್ಲಿ. ಇಪ್ಪತ್ನಾಲ್ಕು ಜನ ಒಟ್ಟಿಗೆ ಆಡುವ ಈ ರೇಡ್ (ದೊಡ್ಡ ಸಾಮೂಹಿಕ ಕಾಳಗ) ಸರಣಿ 2013ರ ಡಿಸೆಂಬರ್, 2014ರ ಜುಲೈ ಮತ್ತು 2015ರ ಜನವರಿಯಲ್ಲಿ ಮೂರು ಭಾಗಗಳಾಗಿ ಬಂತು. ಅಲಾಗ್ ಕಾಲದ ಸ್ಫಟಿಕ ಗೋಪುರವೊಂದನ್ನು ಪರಿಶೋಧಿಸಲು ಸಿಡ್, ಅವನ ಕೈಕೆಳಗಿನ ಬಿಗ್ಸ್ ಮತ್ತು ವೆಡ್ಜ್, ಗ್ರಾಹಾ ತಿಯಾ ಎಂಬ ತರುಣ ವಿದ್ವಾಂಸ ಮೊದಲಾದವರು ಬೀಡುಬಿಟ್ಟಿದ್ದಾರೆ. ಈ ಕಥೆಯ ನಡುವೆ ನೀರೋ ಅಲ್ಲಿಗೆ ಬರುತ್ತಾನೆ. ಯಾರೂ ಕರೆದಿಲ್ಲ, ಅವನಿಗೆ ನಾಚಿಕೆಯೂ ಇಲ್ಲ. ಅವನು ಬಂದದ್ದು ಲೋಕವನ್ನು ಉಳಿಸಲಲ್ಲ. ತಾನು ರಿಪೇರಿ ಮಾಡಿದ ಅಲ್ಟಿಮಾ ವೆಪನ್ ಕಟ್ಟಿದ ಜನರದೇ ಇನ್ನೊಂದು ಅದ್ಭುತ ಕಣ್ಣೆದುರಿಗಿದೆ; ಅದರೊಳಗೆ ಗಾರ್ಲಂಡ್ ಒಬ್ಬನೇ ಕಾಲಿಡುವುದನ್ನು ಅವನಿಂದ ನೋಡಿಕೊಂಡಿರಲಾಗದು. ಹಿಂದೆ ವೈರಕ್ಕೆ ಕಾರಣವಾಗಿದ್ದ ಮತ್ಸರವೇ ಇಲ್ಲಿ ಅವನನ್ನು ಸಿಡ್‌ನ ಪಕ್ಕಕ್ಕೆ ತಂದು ನಿಲ್ಲಿಸುತ್ತದೆ. ಬರಹಗಾರರು ಕಾರಣವನ್ನು ಬದಲಿಸಿಲ್ಲ, ಕಾರಣ ಕೆಲಸ ಮಾಡುವ ಜಾಗವನ್ನು ಬದಲಿಸಿದ್ದಾರೆ.

ಇದಕ್ಕೆ ಬೆಲೆಯನ್ನೂ ತೆರಿಸಿದ್ದಾರೆ. ಗೋಪುರದ ತುದಿಯಲ್ಲಿ ಕತ್ತಲ ಲೋಕದ ಬಾಗಿಲು ತೆರೆದಾಗ ಉನೇಯ್ ಮತ್ತು ಡೋಗಾ ಎಂಬಿಬ್ಬರೊಂದಿಗೆ ನೀರೋನನ್ನೂ ಅದು ಎಳೆದುಕೊಳ್ಳುತ್ತದೆ. ಮೂರನೆಯ ಭಾಗವೆಲ್ಲ ಅವರನ್ನು ಹುಡುಕಿಕೊಂಡು ಒಳಗೆ ಇಳಿಯುವ ಕಥೆ. ಸದಾ ತಾನೇ ಮೇಲೆಂದು ಮೆರೆಯುತ್ತಿದ್ದವನು ಇಲ್ಲಿ ಕತ್ತಲಿಂದ ಆವರಿಸಿಕೊಂಡ ಮೈಹೊತ್ತು, ಯಾರ ಸಹಾಯವನ್ನು ಕೇಳುವುದಕ್ಕಿಂತ ಸಾವೇ ಮೇಲೆಂದು ಬಗೆದಿದ್ದನೋ ಆ ಸಹಪಾಠಿಯಿಂದಲೇ ಬಿಡುಗಡೆ ಪಡೆಯಬೇಕಾಗುತ್ತದೆ. ಬಿಡುಗಡೆಯಾದ ಮೇಲೆ ಕಣ್ಣೀರಿಲ್ಲ, ಆಲಿಂಗನವಿಲ್ಲ. ಅವನು ತನ್ನ ದಾರಿ ಹಿಡಿದು ಹೊರಟುಬಿಡುತ್ತಾನೆ. ನಿಮ್ಮ ಕಥೆಯಲ್ಲಿ ಕ್ಷಮೆಯ ಮಾತುಗಳಿರುವ ಜಾಗದಲ್ಲಿ ಇವರು ಋಣವನ್ನು ಇಟ್ಟಿದ್ದಾರೆ. ಕ್ಷಮೆ ಕೇಳಿದರೆ ಸೊಕ್ಕು ಮುರಿಯುತ್ತದೆ; ಋಣವಾದರೆ ಸೊಕ್ಕು ಹಾಗೆಯೇ ಇದ್ದು ಒಳಗೊಳಗೇ ಇರಿಯುತ್ತಿರುತ್ತದೆ. 2020ರ ಆಗಸ್ಟ್‌ನ 5.3 ಪ್ಯಾಚ್‌ನಿಂದ ಈಚೆಗೆ ಹೊಸ ಆಟಗಾರರೆಲ್ಲರೂ ಮುಖ್ಯಕಥೆಯಲ್ಲಿ ಮುಂದುವರಿಯಲು ಈ ಗೋಪುರದ ಕಥೆಯನ್ನು ಮುಗಿಸಲೇಬೇಕೆಂಬ ನಿಯಮ ಬಂತು. ಅದಕ್ಕೆ ಮುಖ್ಯ ಕಾರಣ ಗ್ರಾಹಾ ತಿಯಾ; ನೀರೋನಿಗೆ ಅದರಿಂದ ಸಿಕ್ಕದ್ದು ಅನಿರೀಕ್ಷಿತ ಲಾಭ. ಅಲ್ಲಿಯವರೆಗೆ ಈ ತಿರುವನ್ನು ಬಿಟ್ಟು ಮುಂದೆ ಹೋದವರಿಗೆ ಅವನು ಮುಂದಿನ ಕಥೆಯಲ್ಲಿ ಸಿಡ್‌ನ ಜೊತೆ ಕಾಣಿಸಿದ್ದು ಬೆಪ್ಪಾಗಿಸುವಂಥ ಸಂಗತಿಯಾಗಿತ್ತು. ಇಂಥ ತಿರುವನ್ನು ಐಚ್ಛಿಕ ಕ್ವೆಸ್ಟ್‌ನಲ್ಲಿ, ಅಂದರೆ ಬೇಕಿದ್ದರೆ ಮಾತ್ರ ಆಡುವ ಉಪಕಥೆಯಲ್ಲಿ, ಇಡುವುದರ ಅಪಾಯ ಇದೇ. ನಿಮ್ಮ ಆಟದಲ್ಲಿ ಈ ತಪ್ಪು ಮಾಡಬೇಡಿ.

ಮೂರನೆಯ ಘಟ್ಟವೇ ನನಗೆ ಹೆಚ್ಚು ಇಷ್ಟ. 2017ರ ಆರಂಭದ ತಿಂಗಳುಗಳಲ್ಲಿ ಬಂದ ಕಥೆಯಲ್ಲಿ, ಎಲ್ಲರನ್ನೂ ನುಂಗಬಲ್ಲ ಹೊಸ ಉಗ್ರದೇವತೆಯೊಂದು ಹುಟ್ಟುವ ಹೊತ್ತಿಗೆ, ನೀರೋ ಮತ್ತೆ ಪ್ರತ್ಯಕ್ಷನಾಗಿ, ಕಾರ್ಟಿನೋ ಬಯಲಿನ ಅಡಿಯಲ್ಲಿ ಮಲಗಿರುವ ಒಮೆಗಾ ಎಂಬ ಯಂತ್ರವನ್ನು ಎಬ್ಬಿಸೋಣ ಎನ್ನುತ್ತಾನೆ. ಬೇರೆ ದಾರಿಯಿಲ್ಲದೆ ಸಿಡ್ ಒಪ್ಪುತ್ತಾನೆ. ಯಂತ್ರ ಎದ್ದು ದೇವತೆಯ ಮೇಲೆ ಬೀಳುತ್ತದೆ, ಆ ಹೊತ್ತಿನ ಅನಾಹುತ ತಪ್ಪುತ್ತದೆ. ಆದರೆ ಅದೇ ಒಮೆಗಾ ಮುಂದೆ ಲೋಕಗಳ ನಡುವಿನ ಬಿರುಕಿನಲ್ಲಿ ಕುಳಿತು ಬಲಶಾಲಿಗಳನ್ನು ಪರೀಕ್ಷೆಗೆ ಒಡ್ಡಿ ಇಡೀ ಲೋಕಕ್ಕೇ ಬೆದರಿಕೆಯಾಗುತ್ತದೆ. 2017ರ ಜುಲೈಯಿಂದ 2018ರ ಸೆಪ್ಟೆಂಬರ್‌ವರೆಗೆ ಮೂರು ಕಂತುಗಳಲ್ಲಿ ಬಂದ ಒಮೆಗಾ ರೇಡ್‌ಗಳ ಕಥೆ ಇದು. ಜೊತೆಗಾರನು ತಂದ ಪರಿಹಾರವೇ ಮುಂದಿನ ಗಂಡಾಂತರ ಎನ್ನುವಂತೆ ಕಥೆಯನ್ನು ಹೆಣೆದದ್ದರಿಂದ ನೀರೋನಿಗೆ ಅಲ್ಲಿಂದ ಎದ್ದುಹೋಗಲು ನೆಪವೇ ಉಳಿಯಲಿಲ್ಲ. ಅವನು ಸಿಡ್‌ನ ಕಾರ್ಖಾನೆಯವರ ಜೊತೆ ಒಂದೇ ಮೇಜಿನ ಸುತ್ತ ಕುಳಿತು ಲೆಕ್ಕ ಹಾಕಬೇಕು, ಅಲ್ಲಿನ ವ್ಯವಹಾರವನ್ನು ನೋಡಿಕೊಳ್ಳುವ ಜೆಸ್ಸಿಯ ಬಿರುನೋಟವನ್ನು ಸಹಿಸಬೇಕು, ತನ್ನ ಯೋಚನೆಗೆ ಸಿಡ್ ಹೆಸರು ಬಾರದಂತೆ ಕಾಯಬೇಕು. ಸಹಪಾಠಿಗಳಿಬ್ಬರ ಜಗಳ ಇಲ್ಲಿ ಮೊದಲ ಬಾರಿಗೆ ಕೆಲಸದ ಜಗಳವಾಗುತ್ತದೆ, ಮತ್ತು ಕೆಲಸದ ಜಗಳ ನೋಡಲು ಸೊಗಸು. ವರ್ಕ್‌ಶಾಪಿನಲ್ಲಿ ಇಬ್ಬರು ಒಳ್ಳೆಯ ಮೆಕ್ಯಾನಿಕ್‌ಗಳು ಒಂದೇ ಎಂಜಿನ್‌ನ ಮೇಲೆ ಬಗ್ಗಿ ಪರಸ್ಪರ ಬೈದಾಡುತ್ತ ಅದನ್ನು ಸರಿಪಡಿಸುವುದನ್ನು ಕಂಡವರಿಗೆ ನಾನು ಹೇಳುವುದೇನೆಂದು ತಿಳಿಯುತ್ತದೆ.

ಒಮೆಗಾ ಎಂಬ ವಸ್ತುವನ್ನು ಎದುರಿಗೆ ಇಟ್ಟದ್ದೂ ಜಾಣತನವೇ. ಎದುರಾಳಿಯ ಬಲವನ್ನು ಅಳೆದು, ಲೆಕ್ಕ ಹಾಕಿ, ತಾನು ಅದಕ್ಕಿಂತ ಮೇಲಾಗಬೇಕೆನ್ನುವುದೊಂದೇ ಆ ಯಂತ್ರದ ಹಂಬಲ. ಅದು ಬೇರೆ ಯಾರ ಸ್ವಭಾವವೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನೀರೋನಿಗೆ ಉಪದೇಶ ಮಾಡುವ ಒಂದು ಮಾತನ್ನೂ ಬರೆಯದೆ ಅವನ ಎದುರಿಗೆ ಕನ್ನಡಿ ಹಿಡಿದಿದ್ದಾರೆ. ಅವನು ನೋಡಿಕೊಂಡನೋ ಇಲ್ಲವೋ ಎಂಬುದನ್ನು ಆಟಗಾರನಿಗೇ ಬಿಟ್ಟಿದ್ದಾರೆ.

ಇನ್ನು ದೋಷ. ಅಲ್ಟಿಮಾ ವೆಪನ್ ನಡೆಯುವಂತೆ ಮಾಡಿದ್ದು ಸಣ್ಣ ಅಪರಾಧವಲ್ಲ. ಅದರ ಗರ್ಭದಲ್ಲಿ ಹುದುಗಿದ್ದ ಸಾಬಿಕ್‌ನ ಹೃದಯ ಎಂಬ ವಸ್ತುವಿನಿಂದ ಹೊಮ್ಮಿದ ಮಂತ್ರ ಇಡೀ ಕೋಟೆಯನ್ನು ಬೂದಿ ಮಾಡಿತು. ಅಂಥದ್ದೊಂದು ಅಲ್ಲಿದೆಯೆಂದು ಯಂತ್ರವನ್ನು ನಡೆಸುತ್ತಿದ್ದ ಗಾಯಸ್‌ನಿಗೇ ಗೊತ್ತಿರಲಿಲ್ಲ. ಈ ಲೆಕ್ಕವನ್ನು ನೀರೋನಿಂದ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಅವನ ಚುರುಕುಮಾತಿನ ತಮಾಷೆಯಲ್ಲಿ ಅದು ತೇಲಿಹೋಗುತ್ತದೆ. ಅದೇ ಗಾಯಸ್ ಬದುಕಿ ಉಳಿದು ಮರಳಿ ಬಂದಾಗ ಬರಹಗಾರರು ಬೇರೆ ದಾರಿಯನ್ನೇ ಹಿಡಿದರು: ಅವನು ತನ್ನ ಆದರ್ಶ ಮೋಸವೆಂದು ತಿಳಿದು, ವರ್ಲಿಟ್ ನಾಡಿನಲ್ಲಿ ತಾನು ಸಾಕಿದ ಮಕ್ಕಳೇ ಯಂತ್ರಗಳಿಗೆ ಬಲಿಯಾಗುವುದನ್ನು ನೋಡಿ, ಪಶ್ಚಾತ್ತಾಪದ ಭಾರವನ್ನು ಹೊರುತ್ತಾನೆ. ಗಾಯಸ್ ತತ್ತ್ವಕ್ಕಾಗಿ ಕೊಂದವನು, ಆದ್ದರಿಂದ ತತ್ತ್ವ ಕುಸಿದಾಗ ಅವನೂ ಕುಸಿಯಲೇಬೇಕು. ನೀರೋನಿಗೆ ತತ್ತ್ವವಿಲ್ಲ, ಕುಸಿಯುವುದಕ್ಕೆ ಏನೂ ಇಲ್ಲ. ಈ ಭೇದವನ್ನು ನಾನು ಒಪ್ಪುತ್ತೇನೆ. ಆದರೂ ಅವನು ನಡೆಯುವಂತೆ ಮಾಡಿದ ಯಂತ್ರದಿಂದ ಮನೆಮಠ ಕಳೆದುಕೊಂಡ ಒಬ್ಬನಾದರೂ ಅವನ ಮುಖಕ್ಕೆ ನೇರವಾಗಿ ನಾಲ್ಕು ಮಾತನ್ನಾಡಿದ್ದರೆ ಪಾತ್ರ ಇನ್ನಷ್ಟು ಗಟ್ಟಿಯಾಗುತ್ತಿತ್ತು. ನಿಮ್ಮ ಆಟದಲ್ಲಿ ಆ ಒಬ್ಬನನ್ನು ಬರೆಯಿರಿ. ಊರಿನ ಸಾಮಾನ್ಯ ಎನ್‌ಪಿಸಿಯಾದರೂ (ಆಟಗಾರ ನಡೆಸದ ಪಾತ್ರವಾದರೂ) ಸಾಕು.

ಕನ್ನಡದಲ್ಲಿ ಬರೆಯುತ್ತಿರುವ ನಿಮಗೆ ಆ ಬರಹಗಾರರಿಗೆ ಇಲ್ಲದ ಒಂದು ಅನುಕೂಲವಿದೆ. ಇಂಗ್ಲಿಷ್ ಆವೃತ್ತಿಯಲ್ಲಿ ನೀರೋ ತನ್ನ ಸಹಪಾಠಿಯನ್ನು ಸಿಡ್ ಎನ್ನದೆ ಗಾರ್ಲಂಡ್ ಎಂದು ಮನೆತನದ ಹೆಸರಿನಿಂದ ಕರೆಯುತ್ತಾನೆ. ಆ ಒಂದು ಪದದಲ್ಲೇ ತಂದೆಯ ಹೆಸರಿನ ಮೇಲಿನ ಅಸೂಯೆಯೂ ಬೇಕೆಂದೇ ಇಟ್ಟುಕೊಂಡ ದೂರವೂ ಕೇಳುತ್ತವೆ. ಇದನ್ನು ಕನ್ನಡಕ್ಕೆ ಹಾಗೆಯೇ ತಂದರೆ ಏನೂ ಉಳಿಯುವುದಿಲ್ಲ. ಆದರೆ ನಮ್ಮಲ್ಲಿ ಏಕವಚನ ಬಹುವಚನಗಳಿವೆ. ಒಟ್ಟಿಗೆ ಓದಿದವರು ಸಹಜವಾಗಿ ‘ನೀನು’ ಎನ್ನುತ್ತಾರೆ. ಅಂಥವನು ರಾಜಸಭೆಯಲ್ಲಿ ನಾಯಕಿಯನ್ನು ‘ತಾವು’ ಎಂದು ಕರೆದು, ‘ತಮ್ಮಂಥ ದೊಡ್ಡವರು ಈ ಬಡವನ ಯಂತ್ರವನ್ನು ನೋಡಬಂದದ್ದು ನನ್ನ ಭಾಗ್ಯ’ ಎಂದರೆ ಅದಕ್ಕಿಂತ ಚುಚ್ಚುವ ಮಾತು ಬೇಕಿಲ್ಲ. ನಾಲ್ಕು ಅಧ್ಯಾಯ ಈ ಕುಹಕದ ಬಹುವಚನವನ್ನು ಬಿಗಿಯಾಗಿ ನಡೆಸಿ. ಐದನೆಯ ಅಧ್ಯಾಯದಲ್ಲಿ ಕುದಿಯುವ ಯಂತ್ರದ ಎದುರು, ಯೋಚಿಸುವುದಕ್ಕೆ ಹೊತ್ತಿಲ್ಲದಾಗ, ಅವನ ಬಾಯಿಂದ ‘ಏ, ಆ ಕೀಲನ್ನು ಮುಟ್ಟಬೇಡ, ನಿನಗೇನು ಬುದ್ಧಿ ಇಲ್ಲವೆ’ ಎಂಬ ಮಾತು ಜಾರಲಿ. ಬೈಗುಳವೇ, ಆದರೆ ಹಳೆಯ ಏಕವಚನ ಮರಳಿದೆ. ಆಟಗಾರನಿಗೆ ಅಷ್ಟು ಸಾಕು. ಮರುದೃಶ್ಯದಲ್ಲಿ ಅವನು ಮತ್ತೆ ‘ತಾವು’ಗೆ ಹಿಂದಿರುಗಲಿ, ಈ ಸಲ ಕುಹಕಕ್ಕಲ್ಲ, ಮುಜುಗರಕ್ಕೆ. ಇದನ್ನು ಯಾರೂ ಬಾಯಿಬಿಟ್ಟು ವಿವರಿಸಕೂಡದು, ನಾಯಕಿಯಂತೂ ಕೂಡದು.

ಆಟದ ಯಾಂತ್ರಿಕ ಭಾಗದಲ್ಲಿಯೂ ಒಂದು ಎಚ್ಚರಿಕೆ ಬೇಕು. ಪಕ್ಷ ಸೇರಿದ ಖಳನನ್ನು ಆಟಗಾರನ ತಂಡದಲ್ಲಿ ಸಾಮಾನ್ಯ ಸದಸ್ಯನನ್ನಾಗಿ ಕೂಡಿಸುವುದು, ಬಾಸ್ (ಘಟ್ಟದ ಕೊನೆಯ ದೊಡ್ಡ ಎದುರಾಳಿ) ಆಗಿದ್ದಾಗ ಬೆಟ್ಟದಂತಿದ್ದವನ ಬಲ ಏಕಾಏಕಿ ಉಳಿದವರಷ್ಟಕ್ಕೆ ಇಳಿಯುವುದು, ಬಹಳ ಆಟಗಳಲ್ಲಿ ಕಾಣುವ ಹಾಸ್ಯಾಸ್ಪದ ಸಂಗತಿ. ನೀರೋ ನಾಯಕನ ಖಾಯಂ ಬಳಗಕ್ಕೆ ಸೇರುವುದೇ ಇಲ್ಲ. ಬರುತ್ತಾನೆ, ಒಂದು ಯಂತ್ರದ ಕೆಲಸ ಇರುವಷ್ಟು ಕಾಲ ಇರುತ್ತಾನೆ, ಮುಗಿದೊಡನೆ ಹೋಗುತ್ತಾನೆ. ನಿಮ್ಮ ಯಂತ್ರಜ್ಞನೂ ಕತ್ತಿ ಹಿಡಿದು ನಾಯಕಿಯ ಹಿಂದೆ ನಡೆಯಬೇಕಾಗಿಲ್ಲ. ಅವನು ಬೀಡಿನಲ್ಲೇ ಕುಳಿತು ಅವಳ ಉಪಕರಣಗಳನ್ನು ಕೇಳದೆಯೇ ಬಿಚ್ಚಿ ಬದಲಾಯಿಸಲಿ. ಆಟಗಾರ ಮರಳಿ ಬಂದಾಗ ಆಯುಧವೊಂದು ಮೊದಲಿಗಿಂತ ಬಲವಾಗಿರಲಿ, ಅದರ ವಿವರಣೆಯಲ್ಲಿ ಹಳೆಯ ವಿನ್ಯಾಸವನ್ನು ಜರೆಯುವ ಅವನ ಒಂದು ಸಾಲಿರಲಿ.

ಕೊನೆಯದಾಗಿ ನಿಮ್ಮ ಐದನೆಯ ಅಧ್ಯಾಯ. ಕ್ಷಮೆಯ ದೃಶ್ಯವನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಅವನಿಗೆ ಬೇಕಾದ, ಆದರೆ ಒಬ್ಬನೇ ಮಾಡಲಾಗದ ಒಂದು ಕೆಲಸವನ್ನು ಇಡಿ. ಶತ್ರುರಾಜ ಅವನ ಯಂತ್ರವನ್ನು ಕಿತ್ತುಕೊಂಡು ಅರೆಬರೆ ತಿಳಿದ ಇನ್ನೊಬ್ಬನ ಕೈಗೆ ಕೊಟ್ಟಿದ್ದಾನೆಂದಿಟ್ಟುಕೊಳ್ಳಿ. ತನ್ನ ಯಂತ್ರ ಊರನ್ನು ಸುಡುವುದಕ್ಕಿಂತ ಅದನ್ನು ಒಬ್ಬ ಹೆಡ್ಡ ನಡೆಸುತ್ತಿದ್ದಾನೆ ಎಂಬುದೇ ಅವನಿಗೆ ಹೆಚ್ಚು ಅಸಹ್ಯವಾಗಲಿ. ಅದನ್ನು ನಿಲ್ಲಿಸಬಲ್ಲ ಇನ್ನೊಬ್ಬರೆಂದರೆ ನಾಯಕಿ ಮಾತ್ರ. ಅವನು ಅವಳ ಮನೆಬಾಗಿಲಿಗೆ ಬರುವಾಗ ಕೈಯಲ್ಲಿ ನಕ್ಷೆಯ ಸುರುಳಿ ಇರಲಿ, ಮುಖದಲ್ಲಿ ಅದೇ ಗಂಟು ಇರಲಿ, ಮೊದಲ ಮಾತು ಅವಳ ಬಾಗಿಲಿನ ಬೀಗ ಎಷ್ಟು ಕಳಪೆಯಾಗಿದೆ ಎಂಬುದರ ಬಗ್ಗೆ ಇರಲಿ.